ತಲೆ ಎತ್ತಿದ ಮರಹಕ್ಕಿಗಳು

ಕೆಂಚನಹಾಳ ಕೆರೆಯ ಏರಿ,
ರೆಕ್ಕೆಪಾಲಿನ ನೂರಾ ಹದಿನೆಂಟನೆಯ ವರ್ಷ, ಗೌರಿ ಹುಣ್ಣಿಮೆಯ ಮರುದಿನ.

ಹಿಂದಿನವರಿಗೆ ನಮಸ್ಕಾರ.

ಮೇಲೆ ಬರೆದ ತಾರೀಖು ನಿಮಗೆ ತಿಳಿಯುವುದಿಲ್ಲವೆಂದು ನನಗೆ ಗೊತ್ತು. ನಿಮ್ಮ ಎಣಿಕೆಯಲ್ಲಿ ಅದು ಎರಡು ಸಾವಿರದ ಇನ್ನೂರನ್ನು ದಾಟಿದ ಯಾವುದೋ ವರ್ಷ. ಸರಿಯಾಗಿ ಲೆಕ್ಕ ಹಾಕಿ ಹೇಳಬಲ್ಲವರು ನಮ್ಮ ಸೀಮೆಯಲ್ಲಿ ಈಗ ಉಳಿದಿಲ್ಲ. ನನ್ನ ಬರಹದಲ್ಲಿ ನೀವು ಕೇಳಿರದ ಮಾತುಗಳು ಬರುತ್ತವೆ, ಮನ್ನಿಸಿ. ನಿಮ್ಮ ಬರಹಗಳಲ್ಲೂ ನನಗೆ ಹತ್ತದ ಮಾತುಗಳು ಬೇಕಾದಷ್ಟಿವೆ. 'ವೀಕೆಂಡ್' ಎಂಬುದು ಒಂದು ಹಬ್ಬವೆಂದು ನನ್ನ ಅವ್ವ ಸಾಯುವ ತನಕ ನಂಬಿದ್ದಳು, ನಾನೂ ಅದನ್ನು ಅಲ್ಲಗಳೆಯಲಿಲ್ಲ.

ನನ್ನ ಹೆಸರು ಹುಲಿಗೆವ್ವ. ಈ ಕೆರೆಯ ಕಾವಲಿನವಳು. ನನ್ನ ಅವ್ವ ಕಾವಲಿನವಳಾಗಿದ್ದಳು, ಅವಳ ಅವ್ವ ಮೊದಲ ಕಾವಲಿನವಳು. ನಮ್ಮಲ್ಲೊಂದು ಕಟ್ಟಳೆ ಇದೆ. ಶರದೃತುವಿನ ಹಕ್ಕಿನೋಟ ಮುಗಿದ ಮರುದಿನ ಕಾವಲಿನವರು ನಿಮಗೆ ಒಂದು ಕಾಗದ ಬರೆದು ಏರಿಯ ಕಲ್ಲುಗಳ ಸಂದಿಯಲ್ಲಿ ಇಡಬೇಕು. ಸತ್ತವರಿಗೆ ಎಡೆ ಇಡುತ್ತೇವಲ್ಲ, ಹಾಗೆಯೇ ಇದೂ. ಎಡೆಯನ್ನು ಕಾಗೆ ತಿನ್ನುತ್ತದೆ, ಕಾಗದವನ್ನು ಗೆದ್ದಲು ತಿನ್ನುತ್ತದೆ, ಕೊಟ್ಟ ಸಮಾಧಾನ ನಮಗೆ ಸಿಗುತ್ತದೆ. ಅಜ್ಜಿ ಬರೆಯುತ್ತಿದ್ದದ್ದು ಎರಡೇ ಮಾತು: ಕಾದೆವು, ಬರಲಿಲ್ಲ. ಅವ್ವ ಬರೆದದ್ದೂ ಅದೇ, ನಾನು ಇಷ್ಟು ವರ್ಷ ಬರೆದದ್ದೂ ಅದೇ. ಈ ಸಲದ ಕಾಗದ ಉದ್ದವಾಗಲಿದೆ, ಗೆದ್ದಲಿಗೆ ಹಬ್ಬ.

ರೆಕ್ಕೆಪಾಲು ಎಂದರೆ ಏನೆಂದು ಮೊದಲು ಹೇಳಬೇಕು. ನಿಮ್ಮ ಕಾಲದ ನಂತರ ಈ ಕೆರೆ ಬಹಳ ವರ್ಷ ಬತ್ತಿ ಬಿದ್ದಿತ್ತು. ನೀವು ಏರಿಯ ಮೇಲೆ ಕೂತು ದುರ್ಬೀನಿನಲ್ಲಿ ನೋಡುತ್ತಿದ್ದಿರಲ್ಲ, ಆ ಜಾಗದಲ್ಲಿ ಬಳ್ಳಾರಿ ಜಾಲಿ ಆಳೆತ್ತರ ಬೆಳೆದಿತ್ತಂತೆ. ಆಮೇಲೆ ಇದ್ದಬದ್ದ ನೀರನ್ನೆಲ್ಲ ಹೊಸದಾಗಿ ಹಂಚುವ ಕಾಲ ಬಂತು. ಊರಿಗೊಂದು ಪಾಲು, ಹೊಲಕ್ಕೊಂದು ಪಾಲು ಎಂದಾದಾಗ ಯಾರೋ ಪುಣ್ಯವಂತರು ರೆಕ್ಕೆಗೂ ಒಂದು ಪಾಲು ಇರಲಿ ಎಂದು ಹಟ ಹಿಡಿದರು. ಆ ನೀರಿನಿಂದ ಕೆರೆ ಮತ್ತೆ ತುಂಬಿತು. ಜೊಂಡು ಎದ್ದಿತು, ಕಪ್ಪೆ ಕೂಗಿತು, ಎಲ್ಲಿಂದಲೋ ಒಂದು ನೀರುನಾಯಿಯ ಸಂಸಾರ ಬಂದು ತೂಬಿನ ಕೆಳಗೆ ಮನೆ ಮಾಡಿತು. ಆದರೆ ಪಾಲಿಗೆ ಒಂದು ಷರತ್ತು ಇತ್ತು. ಕಾಗೆ, ನೀರುಕೋಳಿ, ಗುಬ್ಬಿ ಲೆಕ್ಕಕ್ಕಿಲ್ಲ. ಹಿಮದ ಬೆಟ್ಟ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತು ನಿಮ್ಮ ಕಾಲದಲ್ಲಿ ಬರುತ್ತಿದ್ದಂತೆ ಇಲ್ಲಿ ಇಳಿಯಬೇಕು. ಇಂತಿಷ್ಟು ವರ್ಷವೆಂದು ಗೊತ್ತುಮಾಡಿದ ಮೂರು ಕಾವಲು ಮುಗಿಯುವುದರೊಳಗೆ ಇಳಿಯದಿದ್ದರೆ ನೀರು ಊರಿನ ಪಾಲಿಗೆ ಸೇರುತ್ತದೆ. ನನ್ನದು ಮೂರನೆಯ ಕಾವಲು, ಮತ್ತು ಅದು ಮುಗಿಯಬೇಕಿದ್ದದ್ದು ಈ ವರ್ಷದ ಗೌರಿ ಹುಣ್ಣಿಮೆಗೆ.

ಹಕ್ಕಿಗಳು ಸತ್ತುಹೋಗಿಲ್ಲ, ಅದು ಇನ್ನೂ ದೊಡ್ಡ ಫಜೀತಿ. ಪ್ರತಿ ವರ್ಷ ಸೀಗಿ ಹುಣ್ಣಿಮೆ ಕಳೆದು ಗಾಳಿ ತಿರುಗಿದ ಮೇಲೆ, ಸಂಜೆಯ ಹೊತ್ತು, ಬಹಳ ಮೇಲೆ ಅವುಗಳ ಕೂಗು ಕೇಳುತ್ತದೆ. ಕೆರೆಯ ಮೇಲೆ ಬಂದು ಒಂದು ಸುತ್ತು ಹಾಕಿದಂತೆ ಮಾಡಿ, ದಕ್ಷಿಣಕ್ಕೆ ಹೊರಟುಹೋಗುತ್ತವೆ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂಬ ಗಾದೆ ನಿಮ್ಮಲ್ಲೂ ಇತ್ತೆಂದು ಓದಿದ್ದೇನೆ. ನಮ್ಮ ಹೆಬ್ಬಾತುಗಳು ಆ ಗಾದೆಯನ್ನು ಸುಳ್ಳು ಮಾಡಿದವು. ಊರಿನ ಜನ ಸಂತೆಯಲ್ಲಿ ನನ್ನನ್ನು ಕಂಡಾಗಲೆಲ್ಲ ಅದನ್ನೇ ಹೇಳಿ ನಗುತ್ತಾರೆ. ಮೊದಲು ನನಗೆ ಸಿಟ್ಟು ಬರುತ್ತಿತ್ತು, ಆಮೇಲೆ ಬರುವುದು ನಿಂತಿತು.

ದುಃಖವಾಗುತ್ತಿರಲಿಲ್ಲವೇ ಎಂದು ಕೇಳುತ್ತೀರಿ. ಇಲ್ಲ. ಕಂಡದ್ದು ಕಳೆದುಹೋದರೆ ದುಃಖ. ಅವು ಇಳಿದದ್ದನ್ನು ನಾವು ಕಂಡೇ ಇರಲಿಲ್ಲ. ನಮ್ಮ ದಿನಗಳು ಹೇಗಿರುತ್ತವೆಂದರೆ, ಬಿಸಿಲು ಏರುವ ಮೊದಲು ಎದ್ದು ಕೋಳಿ ಬಿಟ್ಟು, ರೊಟ್ಟಿ ಬಡಿದು, ನೋಟದ ಮನೆಯಲ್ಲಿ ಕೂರುತ್ತೇವೆ. ಅದು ಏರಿಯ ಮೇಲೆ ಕಲ್ಲಿನಿಂದ ಕಟ್ಟಿದ ಸಣ್ಣ ಕೋಣೆ, ಕೆರೆಯ ಕಡೆಗೆ ಒಂದು ಉದ್ದನೆಯ ಕಿಂಡಿ. ಹೊತ್ತು ಏರಿದರೆ ತಂಪುಗುಳಿಗೆ ಇಳಿಯುತ್ತೇವೆ. ನೆಲದ ಕೆಳಗೆ ಅಗೆದ ಆ ಕೋಣೆಗಳಿಲ್ಲದೆ ನಮ್ಮ ಮಧ್ಯಾಹ್ನಗಳಲ್ಲಿ ಮನುಷ್ಯ ಬದುಕುವುದಿಲ್ಲ. ಇಳಿಹೊತ್ತಿಗೆ ಮತ್ತೆ ಕಿಂಡಿಯ ಮುಂದೆ. ನಿಮ್ಮ ಪುಸ್ತಕಗಳಲ್ಲಿ ಶರದೃತು ಎರಡು ತಿಂಗಳಂತೆ. ನಮ್ಮದು ಸೀಗಿ ಹುಣ್ಣಿಮೆಗೆ ಹುಟ್ಟಿ ಗೌರಿ ಹುಣ್ಣಿಮೆಗೆ ಸಾಯುತ್ತದೆ. ಆ ಒಂದು ತಿಂಗಳು ನೋಡುವುದೇ ಕೆಲಸ. ಕಂಡದ್ದನ್ನು ಇಬ್ಬರು ಒಟ್ಟಿಗೆ ಕಂಡಿರಬೇಕು, ಇದಕ್ಕೆ ಜೋಡಿಗಣ್ಣು ಎನ್ನುತ್ತೇವೆ. ಒಬ್ಬರೇ ಕಂಡದ್ದು ಕನಸಿಗೆ ಸಮ. ನಾನು ನರಿ ಕಂಡಿದ್ದೇನೆ, ನೀರುನಾಯಿಯ ಮರಿಗಳು ಏಡಿಗಾಗಿ ಜಗಳವಾಡುವುದನ್ನು ಕಂಡಿದ್ದೇನೆ, ಒಮ್ಮೆ ದಡದ ಕೆಸರಿನಲ್ಲಿ ತೋಳದ ಹೆಜ್ಜೆ ಕಂಡಿದ್ದೇನೆ. ನೋಡಿ ನೋಡಿ ನನ್ನೊಳಗೆ ಏನೋ ಮರಗಟ್ಟಿತ್ತು, ಹೆಚ್ಚು ಹೊತ್ತು ಚಕ್ಕಳ ಮಕ್ಕಳ ಕೂತ ಕಾಲಿನಂತೆ. ನೋವೂ ಇಲ್ಲ, ಎದ್ದರೆ ನಡೆಯಲೂ ಬರುವುದಿಲ್ಲ.

ಇನ್ನು ಮರಹಕ್ಕಿಗಳು. ನನ್ನ ಅಪ್ಪನ ಕಡೆಯವರು ಬಡಿಗೇರರು. ದೂರದ ಹಕ್ಕಿಗೆ ಇಲ್ಲಿ ನೀರಿದೆ, ನಿನ್ನ ಬಳಗವಿದೆ, ಇಳಿ ಎಂದು ಹೇಳುವುದಕ್ಕಾಗಿ ಮುತ್ತಜ್ಜ ಹಗುರ ಮರದಲ್ಲಿ ಹೆಬ್ಬಾತುಗಳನ್ನು ಕೆತ್ತಿ ಕೆರೆಯಲ್ಲಿ ತೇಲಿಬಿಟ್ಟ. ಅಜ್ಜ ಕೆತ್ತಿದ, ಅಪ್ಪ ಕೆತ್ತಿದ, ಈಗ ನನ್ನ ಅಣ್ಣ ಮೌನೇಶ ಕೆತ್ತುತ್ತಾನೆ. ಮಾದರಿ ನಿಮ್ಮದೇ. ನೋಟದ ಮನೆಯ ಗೋಡೆಯ ತುಂಬ ನಿಮ್ಮ ಕಾಲದವರು ಇದೇ ಕೆರೆಯಲ್ಲಿ ತೆಗೆದ ಹೆಬ್ಬಾತುಗಳ ಚಿತ್ರಗಳಿವೆ, ತಗಡಿನ ಮೇಲೆ ಅಚ್ಚು ಮಾಡಿದವು. ಎಷ್ಟು ಚೆಂದದ ಚಿತ್ರಗಳೆಂದರೆ ಕಣ್ಣಿನ ಹೊಳಪು ಕೂಡ ಕಾಣುತ್ತದೆ. ತೆಗೆದವರ ಹೆಸರು ಮಾತ್ರ ಹಕ್ಕಿಯ ಹೆಸರಿಗಿಂತ ದೊಡ್ಡದಾಗಿದೆ, ಇರಲಿ. ಆ ಚಿತ್ರಗಳಲ್ಲಿ ಹೆಬ್ಬಾತುಗಳು ಕತ್ತು ನೆಟ್ಟಗೆ ಮಾಡಿ, ತಲೆ ಎತ್ತಿ, ಮದುವಣಿಗನಂತೆ ನಿಂತಿರುತ್ತವೆ. ನಮ್ಮ ಮನೆತನದವರು ಒಂದು ಕೂದಲೆಳೆ ತಪ್ಪದಂತೆ ಹಾಗೆಯೇ ಕೆತ್ತಿದರು. ಕತ್ತಿನ ಆ ನಿಲುವೇ ನಮ್ಮ ಮನೆಯ ಹೆಮ್ಮೆ. ಕೊಪ್ಪಳದಿಂದ ಜನ ಬಂದು ಅದನ್ನು ನೋಡಿ ಹೋಗುತ್ತಾರೆ. ಜಂಬ ಮಾಡಬಾರದೆಂದು ಅಣ್ಣನಿಗೆ ನಾನು ಹೇಳುತ್ತಿದ್ದೆ, ಅವನು ಕೇಳುತ್ತಿರಲಿಲ್ಲ.

ಎರಡು ದಿನಕ್ಕೊಮ್ಮೆ ಇಳಿಹೊತ್ತಿನಲ್ಲಿ ನಾನು ಹರಿಗೋಲು ಹಾಕಿಕೊಂಡು ಹೋಗಿ ಮರಹಕ್ಕಿಗಳನ್ನು ಕತ್ತು ಹಿಡಿದು ಎತ್ತಿ ದಡಕ್ಕೆ ತರುತ್ತೇನೆ. ಪಾಚಿ ಕಟ್ಟಿದರೆ ಅವು ಮುಳುಗುತ್ತವೆ. ಅಣ್ಣ ಕಲ್ಲಿನ ತೊಟ್ಟಿಯಲ್ಲಿ ಅವನ್ನು ತೊಳೆದು, ಬಿರುಕು ನೋಡಿ, ಬಣ್ಣ ಹಚ್ಚಿ ಕೊಡುತ್ತಾನೆ. ಹಾಗೆ ನಡೆದುಕೊಂಡು ಬಂದದ್ದು ಈ ವರ್ಷ ಕೆಟ್ಟಿತು. ಬೇಸಗೆಯ ಬಿಸಿಲಿಗೆ ಅರ್ಧದಷ್ಟು ಹಕ್ಕಿಗಳ ಕತ್ತು ಸೀಳಿಬಿದ್ದವು. ಅದೇ ಬೇಸಗೆಯಲ್ಲಿ ಅಣ್ಣನ ಕೈ ನಡುಗಲು ಶುರುವಾಯಿತು, ಕಣ್ಣಿಗೆ ಪೊರೆ ಮೊದಲೇ ಬಂದಿತ್ತು. ಹೊಸ ಕತ್ತು ಕೆತ್ತಲು ಕೂತ, ಉಳಿ ಜಾರಿತು, ಮತ್ತೆ ಕೂತ, ಮತ್ತೆ ಜಾರಿತು. ಕತ್ತಿಲ್ಲದವನ್ನು ನೀರಿಗೆ ಬಿಡಬೇಡ, ಮನೆತನದ ಮಾನ ಹೋಗುತ್ತದೆ ಎಂದ. ಕೊನೆಯ ವರ್ಷ, ಕೆರೆ ಬೋಳಾಗಿ ಕಾಣಬಾರದೆಂದು ನಾನು ಬಿಟ್ಟೆ. ಕೆಲವಕ್ಕೆ ತಲೆಯೇ ಇರಲಿಲ್ಲ, ಕೆಲವುಗಳ ಕತ್ತು ಮುರಿದು ಬೆನ್ನಿನ ಮೇಲೆ ಜೋತಿತ್ತು. ಅಣ್ಣ ಆ ದಿನ ರೊಟ್ಟಿ ತಿನ್ನಲಿಲ್ಲ.

ಹುಣ್ಣಿಮೆಗೆ ಇನ್ನೊಂದು ವಾರವಿರುವಾಗ ಒಂದು ಸಂಜೆ ಹಕ್ಕಿ ತರಲು ಹೋದೆ. ಕತ್ತಿದ್ದವು ಒಂದು ಕಡೆ, ಕತ್ತಿಲ್ಲದವು ಜೊಂಡಿನ ಹತ್ತಿರ ಇನ್ನೊಂದು ಕಡೆ ತೇಲುತ್ತಿದ್ದವು. ಜೊಂಡಿನ ಕಡೆಯವನ್ನು ಹೊಟ್ಟೆಯ ಕೆಳಗೆ ಕೈಹಾಕಿ ಎತ್ತಬೇಕಿತ್ತು, ಹಿಡಿಯಲು ಕತ್ತೆಲ್ಲಿದೆ? ಒಂದನ್ನು ಎತ್ತಿದೆ, ಎರಡನ್ನು ಎತ್ತಿದೆ. ಮೂರನೆಯದರ ತಲೆ ಬೆನ್ನಿನೊಳಗೆ ಹುದುಗಿತ್ತು. ಇದೂ ಮುರಿದದ್ದೇ ಎಂದುಕೊಂಡು ಕೈಹಾಕಿದೆ. ಬೆಚ್ಚಗಿತ್ತು. ಕಾವಿಗೆ ಕೂತ ಕೋಳಿಯ ಕೆಳಗೆ ಕೈಯಿಟ್ಟ ಹಾಗೆ ಬೆಚ್ಚಗಿತ್ತು, ಒಳಗೆ ಏನೋ ಬಡಿಯುತ್ತಿತ್ತು. ನಾನು ಕೈ ತೆಗೆಯಲಿಲ್ಲ. ಬೆನ್ನಿನಿಂದ ಒಂದು ಬಿಳಿ ತಲೆ ಹೊರಬಂತು, ತಲೆಯ ಮೇಲೆ ಎರಡು ಕಪ್ಪು ಪಟ್ಟೆ. ನನ್ನನ್ನು ನೋಡಿತು. ಕತ್ತನ್ನು ನೆಟ್ಟಗೆ ಎತ್ತಿತು. ಆಮೇಲೆ ಮುಂಗೈಯನ್ನು ಕಚ್ಚಿ, ರೆಕ್ಕೆ ಬಡಿದು, ಮುಖಕ್ಕೆ ನೀರೆರಚಿ ಹಾರಿಹೋಯಿತು. ಮೂರು ಕಾವಲಿನವರು ಕಾದದ್ದು ನನ್ನ ಅಂಗೈಯಲ್ಲಿ ಕೂತು ಎದ್ದುಹೋಗಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಇದಕ್ಕೇ.

ದಡಕ್ಕೆ ಬಂದು ಅಣ್ಣನಿಗೆ ಹೇಳಿದೆ. ಕಚ್ಚಿದ ಗುರುತು ತೋರಿಸಿದೆ. ಅವನು ತೊಟ್ಟಿಯ ಮುಂದೆ ಕೆರೆಗೆ ಬೆನ್ನು ಮಾಡಿ ಕೂತಿದ್ದ, ಸದ್ದು ಕೇಳಿ ತಿರುಗುವಷ್ಟರಲ್ಲಿ ಅವನ ಪೊರೆಗಣ್ಣಿಗೆ ಏನೋ ಮಬ್ಬಾಗಿ ಕಂಡಿತ್ತಷ್ಟೆ. ಕಂಡೆನೆಂದು ಅವನು ಒಂದು ಮಾತು ಹೇಳಿದ್ದರೆ ಜೋಡಿಗಣ್ಣು ಆಗುತ್ತಿತ್ತು, ನೀರು ಉಳಿಯುತ್ತಿತ್ತು.

"ನಾ ಕಂಡಿಲ್ಲ, ತಂಗಿ. ಕಾಣದ್ದನ್ನ ಕಂಡೇನಂತ ಹೆಂಗ ಹೇಳ್ಲಿ? ನಾಳಿ ನಮ್ಮ ಮನಿದೇವ್ರು ಮೌನೇಶಪ್ಪನ ಮುಂದ ಯಾವ ಮುಖ ಇಟ್ಕೊಂಡು ನಿಂದ್ರಲಿ?" ಎಂದ.

ನಾನು ಬೈಯಲಿಲ್ಲ. ಬೈಯಬೇಕು ಅನ್ನಿಸಲೂ ಇಲ್ಲ. ಕೋಳಿ ಮುಚ್ಚಿ ಮಲಗಿದೆ.

ಮರುದಿನವೇ ನೀರಿನ ಪಂಚಾಯತಿಯ ಸಾಕ್ಷಿ ಬಂದಳು. ದಾವಲ್‌ಬಿ ಎಂದು ಹೆಸರು. ಕೊನೆಯ ದಿನಗಳನ್ನು ನಮ್ಮ ಜೊತೆ ಕಿಂಡಿಯ ಮುಂದೆ ಕೂತು ನೋಡಿ, ಹಕ್ಕಿ ಬಾರದಿದ್ದರೆ ಹುಣ್ಣಿಮೆಯ ಮರುದಿನ ಬೆಳಗಾದ ಮೇಲೆ ತೂಬು ತೆಗೆಸುವುದು ಅವಳ ಕೆಲಸ. ತೂಬಿನ ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೇ ಬಂದಿದ್ದಳು. ನನ್ನ ಮುಂಗೈ ನೋಡಿ, ನನ್ನ ಮಾತು ಪೂರ್ತಿ ಕೇಳಿ, ಒಬ್ಬರ ಕಣ್ಣು ನಡೆಯುವುದಿಲ್ಲ ಎಂದು ಮೆಲ್ಲಗೆ ಹೇಳಿದಳು. ಕೆಟ್ಟವಳಲ್ಲ. ಊರಲ್ಲಿ ಜನ ಕೊಡಕ್ಕಾಗಿ ಜಗಳವಾಡುವುದನ್ನು ದಿನಾ ನೋಡುವವಳು, ಅವಳಿಗೂ ಅವಳ ನ್ಯಾಯವಿತ್ತು. ನಾನು ಕೊಟ್ಟ ಮಂಡಕ್ಕಿ ತಿನ್ನುತ್ತ ಕಿಂಡಿಯಿಂದ ಬಹಳ ಹೊತ್ತು ಕೆರೆ ನೋಡಿದಳು. ಆಮೇಲೆ ಅಣ್ಣನ ಹಕ್ಕಿಗಳ ಕಡೆ ಕೈ ತೋರಿಸಿ ಕೇಳಿದಳು.

"ಅಣ್ಣಾರ, ಇವೆಲ್ಲಾ ಯಾಕ ಹಿಂಗ ಅಂಜಿ ನಿಂತಾವ?"

ಅಣ್ಣನ ಮುಖ ಕೆಂಪಾಯಿತು. ಅಂಜುವುದೆಲ್ಲಿ ಬಂತು, ಇದು ಹಕ್ಕಿಯ ಠೀವಿ ಎಂದ. ದಾವಲ್‌ಬಿ ಚಿಕ್ಕವಳಿದ್ದಾಗ ಕುರಿ ಕಾಯ್ದವಳಂತೆ.

"ಕುರಿ ಮೇಯಾಕತ್ತಿದ್ರ ತಲಿ ಕೆಳಗಿರ್ತಾವ್ರೀ. ಎಲ್ಲಾವೂ ಒಮ್ಮಿಗೇ ತಲಿ ಎತ್ತಿದುವಂದ್ರ ತೋಳ ಬಂತಂತ ನಾವು ಬಡಿಗಿ ಹಿಡ್ಕೊಂಡು ಏಳ್ತಿದ್ವಿ. ಹಕ್ಕೀದು ನಂಗೊತ್ತಿಲ್ಲಪಾ," ಎಂದು ಮತ್ತೆ ಮಂಡಕ್ಕಿಗೆ ಕೈಹಾಕಿದಳು.

ಅಣ್ಣ ಎದ್ದು ಗೋಡೆಯ ಹತ್ತಿರ ಹೋಗಿ, ನಿಮ್ಮ ಚಿತ್ರಗಳಿಗೆ ಮೂಗು ತಾಗುವಷ್ಟು ಬಗ್ಗಿ, ಒಂದೊಂದನ್ನೇ ನೋಡಿದ. ಕಾಣದಿದ್ದಲ್ಲಿ ಬೆರಳಿನಿಂದ ಸವರಿದ. ಕತ್ತು, ಕತ್ತು, ಕತ್ತು. ನಾನು ಕೈಹಾಕಿದ ಹಕ್ಕಿ ಎಲ್ಲಿ ಕೂತಿತ್ತೆಂದು ಕೇಳಿದ. ಕತ್ತಿಲ್ಲದವುಗಳ ನಡುವೆ ಎಂದೆ. ತಲೆ ಹೇಗಿತ್ತೆಂದು ಕೇಳಿದ. ಮೊದಲು ಬೆನ್ನಿನೊಳಗೆ, ನನ್ನನ್ನು ಕಂಡ ಮೇಲೆ ಹೀಗೆ ಎಂದು ಗೋಡೆಯ ಚಿತ್ರ ತೋರಿಸಿದೆ. ತೋರಿಸಿದ ಮೇಲೆ ನನಗೂ ತಿಳಿಯಿತು.

"ಚಿತ್ರ ತೆಗ್ಯಾವನ್ನ ಕಂಡು ಅಂಜ್ಯಾವ," ಎಂದ ಅಣ್ಣ. "ನಾವು ನಾಕು ತಲಿಮಾರು ಕೂತು ಆ ಅಂಜಿಕೀನ ಕೆತ್ತೀವಿ."

ಹಿಂದಿನವರೇ, ನಿಮಗೆ ಬಿಡಿಸಿ ಹೇಳಬೇಕಿಲ್ಲ. ನೀವು ಕ್ಯಾಮೆರಾ ಹಿಡಿದು ಹತ್ತಿರ ಹತ್ತಿರ ಹೋದಿರಿ, ಹಕ್ಕಿ ತಲೆ ಎತ್ತಿತು, ಆ ಗಳಿಗೆಯನ್ನು ಹಿಡಿದಿರಿ. ಮಲಗಿದ್ದು, ಮೇಯುತ್ತಿದ್ದದ್ದು, ಬೆನ್ನು ತಿರುಗಿಸಿದ್ದು ಚೆಂದವಿಲ್ಲವೆಂದು ಅಳಿಸಿದಿರಿ. ನಮಗೆ ತಲುಪಿದ್ದು ಹೆದರಿದ ಹಕ್ಕಿಗಳು ಮಾತ್ರ. ನಾವು ಅವನ್ನೇ ಭಕ್ತಿಯಿಂದ ಕೆತ್ತಿ, ಪಾಚಿ ತೊಳೆದು, ಬಣ್ಣ ಹಚ್ಚಿ, ಕೆರೆಯ ತುಂಬ ತೇಲಿಬಿಟ್ಟೆವು. ಮೇಲಿನಿಂದ ನೋಡಿದವಕ್ಕೆ ಕಂಡದ್ದು ಒಂದೇ: ಇಲ್ಲಿ ತೋಳವಿದೆ, ಇಳಿಯಬೇಡಿ. ಬರಲಿ ಎಂದು ಮಾಡಿದ್ದೇ ಬಾರದಂತೆ ಮಾಡಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ದಾವಲ್‌ಬಿ ಅಂದಳು, ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಕೆಲವು ದಿನ ಅಣ್ಣ ಮರಹಕ್ಕಿಗಳನ್ನು ಮುಟ್ಟಲೇ ಇಲ್ಲ. ಹುಣ್ಣಿಮೆಯ ಹಿಂದಿನ ದಿನ ಮಧ್ಯಾಹ್ನ ಅವನು ತಂಪುಗುಳಿಗೆ ಇಳಿಯಲಿಲ್ಲ. ಏರಿಯ ನೆರಳಿನಲ್ಲಿ ಗರಗಸ ಹಿಡಿದು ಕೂತು, ಎಲ್ಲ ಹಕ್ಕಿಗಳನ್ನೂ ತರಲು ಹೇಳಿದ. ನಾನೇ ಕೊಯ್ಯುತ್ತೇನೆ, ನೀನು ಒಳಗೆ ಹೋಗು ಎಂದೆ. ಒಪ್ಪಲಿಲ್ಲ. ಉಳಿ ಹಿಡಿಯಲು ಬಾರದ ಕೈ, ಗರಗಸಕ್ಕೆ ಸಾಕಾಗಿತ್ತು. ಕೊಯ್ಯುವುದಕ್ಕೆ ಕೈ ನಡುಗಿದರೂ ನಡೆಯುತ್ತದೆ. ಮೊದಲು ತಾನು ಮಾಡಿದವನ್ನು ಕೊಯ್ದ, ಆಮೇಲೆ ಅಪ್ಪನವು, ಆಮೇಲೆ ಅಜ್ಜನವು. ಮುತ್ತಜ್ಜ ಕೆತ್ತಿದ್ದು ಒಂದೇ ಒಂದು ಉಳಿದಿತ್ತು. ಅದನ್ನು ಬಿಡು ಎಂದು ದಾವಲ್‌ಬಿಯೇ ಹೇಳಿದಳು. ಅಣ್ಣ ಅದರ ಕತ್ತನ್ನು ಒಮ್ಮೆ ಸವರಿ ಗರಗಸವಿಟ್ಟ. ಕತ್ತುಗಳ ರಾಶಿ ಅವನ ಪಕ್ಕದಲ್ಲಿ ಬೆಳೆಯಿತು. ಕೆಲವು ತಲೆಗಳನ್ನು ಬೆನ್ನಿಗೆ ಒರಗಿಸಿ ದಾರದಿಂದ ಕಟ್ಟಿದೆವು, ಕೆಲವನ್ನು ನೀರು ಕುಡಿಯುವಂತೆ ಮುಂದಕ್ಕೆ ಬಾಗಿಸಿದೆವು, ಉಳಿದವನ್ನು ಹಾಗೆಯೇ ಬಿಟ್ಟೆವು. ಅಣ್ಣ ಅತ್ತದ್ದನ್ನು ನಾನು ನೋಡಿದ್ದು ಅಪ್ಪ ಸತ್ತಾಗ, ಮತ್ತೆ ಆ ದಿನ. ನನಗೆ ಅಳು ಬರಲಿಲ್ಲ. ಬರಲಿ ಎಂದು ಸುಮ್ಮನೆ ಕೂತು ಕಾದೆ, ಕಾಯುವುದು ನನಗೆ ಗೊತ್ತಿರುವ ಕೆಲಸ.

ಗೌರಿ ಹುಣ್ಣಿಮೆಗೆ ನಮ್ಮಲ್ಲಿ ಈಗಲೂ ಸಕ್ಕರೆ ಗೊಂಬೆ ಮಾಡುತ್ತಾರೆ. ದಾವಲ್‌ಬಿಗೆ ಒಂದು ಆನೆ, ಅಣ್ಣನಿಗೆ ಒಂದು ಕುದುರೆ ಕೊಟ್ಟು ಇಳಿಹೊತ್ತಿಗೆ ಕಿಂಡಿಯ ಮುಂದೆ ಕೂತೆವು. ಕೆರೆ ನೋಡಲು ಕೆಟ್ಟದಾಗಿತ್ತು. ಯಾರೋ ಕಡಿದು ಬಿಸಾಕಿದ ಹಾಗೆ ಹಕ್ಕಿಗಳು ತೇಲುತ್ತಿದ್ದವು. ಸೂರ್ಯ ಒಂದು ಕಡೆ ಇಳಿದ, ಚಂದ್ರ ಇನ್ನೊಂದು ಕಡೆ ಏರಿದ. ಆಗ ಮೇಲೆ ಕೂಗು ಕೇಳಿತು. ಪ್ರತಿ ವರ್ಷ ಕೇಳುವ ಅದೇ ಕೂಗು. ಒಂದು ಸುತ್ತು ಬಂತು. ಇನ್ನು ದಕ್ಷಿಣಕ್ಕೆ ಹೋಗುತ್ತದೆ ಎಂದು ನಾನು ಎದ್ದು ಒಲೆ ಹಚ್ಚಲು ಹೊರಟೆ. ದಾವಲ್‌ಬಿ ನನ್ನ ಸೀರೆ ಹಿಡಿದೆಳೆದಳು. ಎರಡನೆಯ ಸುತ್ತು ಕೆಳಗಿತ್ತು. ಮೂರನೆಯದು ಇನ್ನೂ ಕೆಳಗೆ. ಆಮೇಲೆ ಕಾಲುಗಳನ್ನು ಮುಂದೆ ಚಾಚಿ, ರೆಕ್ಕೆ ಅಗಲಿಸಿ, ಕೊಯ್ದ ಮರಹಕ್ಕಿಗಳ ನಡುವೆ ಏಳೋ ಎಂಟೋ ಹೆಬ್ಬಾತುಗಳು ನೀರಿಗಿಳಿದವು. ಎಷ್ಟೆಂದು ಎಣಿಸಲು ನನಗೆ ಆಗಲಿಲ್ಲ. ನಾನೂ ದಾವಲ್‌ಬಿಯೂ ಒಟ್ಟಿಗೆ ಕಂಡೆವು.

ಅಣ್ಣನಿಗೆ ಕಾಣುತ್ತಿರಲಿಲ್ಲ. ನೀರಿನ ಸದ್ದು ಮಾತ್ರ ಕೇಳಿತ್ತು. ಸಕ್ಕರೆ ಕುದುರೆಯನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದ, ಬೆವರಿಗೆ ಅದರ ಕಾಲು ಕರಗಿಹೋಗಿತ್ತು. ಬಂದವೇ ಎಂದು ಕೇಳಲಿಲ್ಲ.

"ತಲಿ ಎತ್ಯಾವೋ, ಇಳಿಸ್ಯಾವೋ?" ಎಂದು ಕೇಳಿದ.

ಎತ್ತಿವೆ ಎಂದೆ. ಸ್ವಲ್ಪ ಹೊತ್ತಿಗೆ ಒಂದು ತಲೆ ಇಳಿಸಿ ನೀರಿಗೆ ಕೊಕ್ಕು ಹಾಕಿತು. ಒಂದು ಇಳಿಸಿತು ಎಂದೆ. ಆಮೇಲೆ ಇನ್ನೊಂದು. ಹಾಗೇ ಒಂದೊಂದನ್ನೂ ಅವನಿಗೆ ಹೇಳುತ್ತ ಹೋದೆ. ಕೊನೆಯದು ತಲೆಯನ್ನು ಬೆನ್ನಿನೊಳಗೆ ಹುದುಗಿಸಿದ್ದನ್ನು ದಾವಲ್‌ಬಿ ಹೇಳಿದಳು.

ಅವಳು ಇಂದು ಬೆಳಿಗ್ಗೆ ಕೀಲಿಯ ಗಂಟು ಬಿಚ್ಚದೆಯೇ ಕೊಪ್ಪಳಕ್ಕೆ ಹೋದಳು. ನೀರು ಉಳಿಯಿತು. ನನ್ನ ಕಾವಲು ಮುಗಿಯಿತು. ಜೋಮು ಹಿಡಿದ ಕಾಲಿಗೆ ರಕ್ತ ತಿರುಗಿ ಬರುವಾಗ ಚುಚ್ಚುತ್ತದಲ್ಲ, ಇಂದು ನನಗೆ ಹಾಗೆ ಆಗುತ್ತಿದೆ. ಖುಷಿಯೆಂದರೆ ಇದೇ ಇರಬೇಕು, ಆದರೆ ಬಹಳ ನೋಯುತ್ತಿದೆ. ಅಜ್ಜಿ ಈ ಕಿಂಡಿಯ ಮುಂದೆ ಮುದುಕಿಯಾಗಿ ಸತ್ತಳು, ಅವ್ವನೂ ಸತ್ತಳು. ಅಷ್ಟು ವರ್ಷವೂ ಹಕ್ಕಿಗಳು ಅವರ ತಲೆಯ ಮೇಲೆಯೇ ಹಾರಿಹೋಗುತ್ತಿದ್ದವು. ಅಣ್ಣ ಕೊಯ್ದ ಕತ್ತುಗಳನ್ನು ಒಲೆಗೆ ಹಾಕಲು ನನಗೆ ಕೊಟ್ಟಿದ್ದಾನೆ. ಹಾಕಲು ಕೈ ಬಂದಿಲ್ಲ, ಹೊರಗೆ ಚೀಲದಲ್ಲಿವೆ.

ಈ ಕಾಗದ ನಿಮಗೆ ತಲುಪುವುದಿಲ್ಲ, ನನಗದು ತಿಳಿಯದೆ ಇಲ್ಲ. ಆದರೂ ಕೇಳುತ್ತೇನೆ. ಈ ಶರದೃತುವಿನಲ್ಲಿ ನೀವು ಏರಿಯ ಮೇಲೆ ಕೂತಾಗ ಇನ್ನು ನಾಲ್ಕು ಹೆಜ್ಜೆ ಹಿಂದೆ ಕೂರಿ. ನಿಮ್ಮನ್ನು ಕಾಣದೆ ಮೇಯುತ್ತಿರುವ, ನಿಮಗೆ ಬೆನ್ನು ಹಾಕಿ ಮಲಗಿರುವ ಒಂದು ಹಕ್ಕಿಯ ಚಿತ್ರ ಕೈತಪ್ಪಿ ಬಂದಿದ್ದರೆ, ಚೆಂದವಿಲ್ಲವೆಂದು ಅದನ್ನು ಅಳಿಸಬೇಡಿ. ನಮ್ಮ ಅಜ್ಜಿಗೆ ಅದೊಂದು ಸಾಕಾಗುತ್ತಿತ್ತು.

ಹುಲಿಗೆವ್ವ,
ಕೆಂಚನಹಾಳ ಕೆರೆಯ ಮೂರನೆಯ ಕಾವಲು